ಗೋಡೆಯಾಚೆಯ ನೀರು

ನಮ್ಮ ಮನೆಯಲ್ಲಿ ದೇವರ ಕೋಣೆಗಿಂತ ದೊಡ್ಡದಾಗಿದ್ದದ್ದು ಪೈಪಿನ ಕೋಣೆ. ನಿಡಗುಂದಿಯಿಂದ ಹೊಳೆಯ ಕಡೆ ಇಳಿದರೆ ಸಿಗುತ್ತಿದ್ದ ಊರು ನಮ್ಮದು. ಈಗ ಅಲ್ಲಿ ಆಲಮಟ್ಟಿಯ ಹಿನ್ನೀರು ನಿಂತಿದೆ. ಆಗ ಹೊಳೆಯ ದಂಡೆಗುಂಟ ಹೊಲಗಳಿಗೆಲ್ಲ ಪಂಪುಗಳಿದ್ದವು. ಪಂಪಿನಿಂದ ಹೊಲದವರೆಗೆ ಯಾರ ಬಳಿ ಯಾವ ಪೈಪು ಇತ್ತೋ ಅದನ್ನೇ ಹಾಸಿಕೊಂಡಿದ್ದರು. ಒಂದಿಷ್ಟು ದೂರ ಸಿಮೆಂಟಿನದು, ಮುಂದೆ ಕಬ್ಬಿಣದ್ದು, ಅದು ಮುಗಿದಲ್ಲಿ ಕರಿ ಪ್ಲಾಸ್ಟಿಕ್ಕಿನದು, ಕೊನೆಗೆ ರಬ್ಬರಿನದು. ಒಂದು ಜಾತಿಯ ಪೈಪನ್ನು ಇನ್ನೊಂದು ಜಾತಿಯ ಪೈಪಿಗೆ ಹನಿ ಸೋರದ ಹಾಗೆ ಕೂಡಿಸುವುದು ನನ್ನ ಅಪ್ಪ ಮತ್ತು ಕಾಕಾನ ಕಸುಬು. ನಮಗೂ ಹೊಲವಿತ್ತು, ಎತ್ತುಗಳಿದ್ದವು. ಆದರೆ ಊರವರು ಅವರನ್ನು ಗುರುತಿಸುತ್ತಿದ್ದದ್ದು ಪೈಪಿನ ಅಣ್ಣತಮ್ಮರು ಎಂದೇ. ಒಬ್ಬನನ್ನು ಕರೆಯಲು ಬಂದವರು ಇಬ್ಬರನ್ನೂ ಕರೆದುಕೊಂಡು ಹೋಗುತ್ತಿದ್ದರು, ಯಾಕೆಂದರೆ ಒಬ್ಬ ಹಿಡಿಯದೆ ಇನ್ನೊಬ್ಬ ತಿರುಗಿಸಲಾಗದ ಕೆಲಸ ಅದು.

ಆ ಕೋಣೆಯ ಗೋಡೆಗೆ ಉದ್ದಕ್ಕೂ ಮೊಳೆ ಹೊಡೆದು ಕಪ್ಲಿಂಗುಗಳನ್ನು ತೂಗುಹಾಕಿರುತ್ತಿದ್ದರು. ಕಬ್ಬಿಣಕ್ಕೆ ಕಬ್ಬಿಣ ಕೂಡಿಸುವ ಗಿಡ್ಡ ಕೊಳವೆಗಳು, ಸಿಮೆಂಟಿನ ಪೈಪಿಗೆ ಹಾಕುವ ದಪ್ಪ ಬಳೆಗಳು, ರಬ್ಬರಿನ ಉಂಗುರಗಳ ಗೊಂಚಲುಗಳು. ಎಲ್ಲಕ್ಕಿಂತ ಚೆಂದವಾಗಿದ್ದದ್ದು ಕಬ್ಬಿಣಕ್ಕೂ ಪ್ಲಾಸ್ಟಿಕ್ಕಿಗೂ ನಡುವೆ ಹಾಕುವ ಹಿತ್ತಾಳೆಯ ಕಪ್ಲಿಂಗ್. ಅದರ ಒಂದು ಬಾಯಿಯ ಒಳಗೆ ಸುರುಳಿ ಗೆರೆ, ಅಲ್ಲಿ ಕಬ್ಬಿಣದ ಪೈಪು ತಿರುಗಿಕೊಂಡು ಕೂರುತ್ತದೆ. ಇನ್ನೊಂದು ಬಾಯಿಯಲ್ಲಿ ಗೆರೆಯಿಲ್ಲ. ಪ್ಲಾಸ್ಟಿಕ್ ಪೈಪನ್ನು ಒಳಗೆ ತೂರಿಸಿ, ರಬ್ಬರಿನ ಉಂಗುರ ಏರಿಸಿ, ಮೇಲೆ ನಟ್ಟು ಬಿಗಿದರೆ ಅದು ಪೈಪಿನ ಕುತ್ತಿಗೆಯನ್ನು ಕಚ್ಚಿ ಹಿಡಿಯುತ್ತದೆ. ಕೋಣೆಯಲ್ಲಿ ಯಾವಾಗಲೂ ಸೆಣಬಿನ ಮತ್ತು ಸಫೇದಾದ ವಾಸನೆ ಇರುತ್ತಿತ್ತು. ಸಫೇದಾ ಎಂದರೆ ಕಬ್ಬಿಣದ ಜೋಡಣೆಗೆ ಸೆಣಬಿನ ಎಳೆ ಸುತ್ತಿ ಮೇಲೆ ಬಳಿಯುವ ಬಿಳಿ ಮುಲಾಮು. ಅಪ್ಪ ಊಟಕ್ಕೆ ಕೂತಾಗಲೂ ಉಗುರಿನ ಸಂದಿಯಲ್ಲಿ ಅದು ಬಿಳಿಯಾಗಿ ಕಾಣುತ್ತಿತ್ತು, ಅವ್ವ ಬೈಯುತ್ತಿದ್ದಳು.

ಕಾಕಾನ ಮಗಳು ಕಸ್ತೂರಿ ನನಗಿಂತ ತುಸು ದೊಡ್ಡವಳು. ನನಗೆ ತಮ್ಮನೊಬ್ಬನಿದ್ದ, ಆಗಿನ್ನೂ ತೊಟ್ಟಿಲಲ್ಲಿ. ಹಾಗಾಗಿ ಅಕ್ಕ, ತಂಗಿ, ಗೆಳತಿ ಎಲ್ಲವೂ ನನಗೆ ಕಸ್ತೂರಿಯೇ. ಮಧ್ಯಾಹ್ನ ಗಂಡಸರು ಹೊರಗೆ ಹೋದಾಗ ನಾವಿಬ್ಬರೂ ಪೈಪಿನ ಕೋಣೆ ಸೇರಿ ತುಂಡು ಪೈಪುಗಳಿಗೆ ಮದುವೆ ಮಾಡುತ್ತಿದ್ದೆವು. ಕಬ್ಬಿಣದ ಗಂಡು, ಕರಿ ಪ್ಲಾಸ್ಟಿಕ್ಕಿನ ಹೆಣ್ಣು. ಕಸ್ತೂರಿ ಕಣ್ಣು ಮುಚ್ಚಿಕೊಂಡು ಕೈಯಿಂದ ಮುಟ್ಟಿಯೇ ಯಾವ ಕಪ್ಲಿಂಗ್ ಯಾವುದಕ್ಕೆ ಎಂದು ಹೇಳುತ್ತಿದ್ದಳು. ಅವಳದು ಮಾತು ಕಡಿಮೆ, ಕೈ ಜಾಸ್ತಿ. ನಾನು ಅದರ ಉಲ್ಟಾ. ನನ್ನ ಕಿವಿಗೆ ಬಿದ್ದದ್ದು ಸಂಜೆಯೊಳಗೆ ಓಣಿಗೆಲ್ಲ ಗೊತ್ತಾಗುತ್ತಿತ್ತು. ಅವ್ವ ತುಪ್ಪವನ್ನು ಎಲ್ಲಿ ಮುಚ್ಚಿಟ್ಟಿದ್ದಾಳೆ, ಚಿಗವ್ವ, ಅಂದರೆ ಕಾಕಾನ ಹೆಂಡತಿ, ತವರಿನಿಂದ ಏನು ತಂದಳು, ಎಲ್ಲವನ್ನೂ ನಾನು ಬಾವಿಕಟ್ಟೆಯಲ್ಲಿ ಹೇಳಿ ಬರುತ್ತಿದ್ದೆ. ನನ್ನ ಹೆಸರು ಲೀಲಾ, ಆದರೆ ಅಪ್ಪನ ತಾಯಿ, ನಮ್ಮ ಆಯಿ, ನನ್ನನ್ನು ಡಂಗುರ ಎಂದು ಕರೆಯುತ್ತಿದ್ದಳು. ಎಲ್ಲರೂ ನಗುತ್ತಿದ್ದರು. ನನಗೂ ಅದು ಪ್ರೀತಿಯ ಹೆಸರೇ ಅನಿಸುತ್ತಿತ್ತು.

ಒಂದೇ ಒಲೆಯ ಮನೆ ಅದು. ಬೆಳಿಗ್ಗೆ ಅವ್ವ ರೊಟ್ಟಿ ಬಡಿಯುವ ಸಪ್ಪಳಕ್ಕೆ ನನಗೆ ಎಚ್ಚರವಾಗುತ್ತಿತ್ತು. ಅವ್ವ ಬಡಿದದ್ದನ್ನು ಚಿಗವ್ವ ಹಂಚಿನ ಮೇಲೆ ಹಾಕಿ ನೀರು ಸವರಿ ತಿರುವುತ್ತಿದ್ದಳು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡದೆ ಮಾತಾಡಿಕೊಳ್ಳುತ್ತ ಬುಟ್ಟಿ ತುಂಬಿಸುವುದು ನೋಡಲು ಚೆಂದ. ಕಾಕಾ ಅವ್ವನನ್ನು ವೈನಿ ಎಂದು ಕರೆದು ಚೇಷ್ಟೆ ಮಾಡುತ್ತಿದ್ದ, ಅವ್ವ ಅವನ ಗಂಗಾಳಕ್ಕೆ ಬೇಕೆಂದೇ ಹೆಚ್ಚು ಖಾರದ ಚಟ್ನಿ ಹಾಕುತ್ತಿದ್ದಳು. ಎಲ್ಲರ ಊಟವನ್ನೂ ಆಯಿ ಬಾಗಿಲಿಗೆ ಆತುಕೊಂಡು ಕೂತು ನೋಡುತ್ತಿದ್ದಳು. ಜಗಳ ಇರಲಿಲ್ಲ ಎಂದಲ್ಲ. ಎಮ್ಮೆಗೆ ಮೇವು ಹಾಕಿದ್ದು ಯಾರು, ಬಚ್ಚಲಿಗೆ ಕಲ್ಲು ತಂದದ್ದು ಯಾರು ಎಂದು ಹೆಂಗಸರಿಬ್ಬರೂ ಗೊಣಗಿಕೊಳ್ಳುತ್ತಿದ್ದರು. ಆದರೆ ಅದು ಊಟದ ಹೊತ್ತಿಗೆ ಮುಗಿಯುವ ಜಗಳ.

ಊರು ಮುಳುಗುತ್ತದೆ ಎಂಬ ಮಾತು ನಾನು ಹುಟ್ಟುವ ಮೊದಲಿನಿಂದಲೂ ಇತ್ತಂತೆ. ನನಗೆ ತಿಳಿವಳಿಕೆ ಬರುವ ಹೊತ್ತಿಗೆ ಅದು ಹತ್ತಿರ ಬಂದಿತ್ತು. ಯಾರೋ ಬಂದು ಗೋಡೆಗಳ ಮೇಲೆ ಕೆಂಪು ಬಣ್ಣದಲ್ಲಿ ಗುರುತು ಹಾಕಿ ಹೋದರು. ಎತ್ತರದ ಜಾಗದಲ್ಲಿ ಹೊಸ ಊರು ಕಟ್ಟುತ್ತಾರೆ, ಒಂದೊಂದು ಕುಟುಂಬಕ್ಕೆ ಒಂದೊಂದು ಜಾಗ ಕೊಡುತ್ತಾರೆ ಎಂದು ದೊಡ್ಡವರು ಮಾತಾಡಿಕೊಳ್ಳುತ್ತಿದ್ದರು. ಒಂದು ಒಲೆಯೆಂದರೆ ಒಂದು ಕುಟುಂಬ. ಈ ಮಾತನ್ನು ನಾನೂ ಕೇಳಿದ್ದೆ, ಆದರೆ ಅದಕ್ಕೂ ನಮಗೂ ಏನು ಸಂಬಂಧ ಎಂದು ಯೋಚಿಸುವ ವಯಸ್ಸಲ್ಲ. ನನ್ನ ಗಮನಕ್ಕೆ ಬಂದದ್ದು ಒಂದೇ: ನಾನು ಹತ್ತಿರ ಹೋದರೆ ದೊಡ್ಡವರ ಮಾತು ನಿಲ್ಲುತ್ತಿತ್ತು.

ಆಮೇಲೆ ಒಂದು ಬೆಳಿಗ್ಗೆ, ಊಟದ ನಡುವೆಯೇ, ಕಾಕಾ ಗಂಗಾಳವನ್ನು ಕಾಲಿನಿಂದ ಒದ್ದ. ರೊಟ್ಟಿ, ಪುಂಡಿಪಲ್ಯ ಎಲ್ಲ ನೆಲದ ಮೇಲೆ ಚೆಲ್ಲಿದವು. ನಮ್ಮ ಮನೆಯಲ್ಲಿ ಅನ್ನಕ್ಕೆ ಕಾಲು ತಾಗಿದರೆ ಕಣ್ಣಿಗೊತ್ತಿಕೊಳ್ಳಬೇಕು. ಅಂಥ ಮನೆಯಲ್ಲಿ ಕಾಕಾ ಗಂಗಾಳ ಒದ್ದದ್ದನ್ನು ನೋಡಿ ನಾನು ತುತ್ತು ಬಾಯಲ್ಲೇ ಇಟ್ಟುಕೊಂಡು ಕೂತೆ. ದೊಡ್ಡ ಹೊಲದ ಪಾಲಿನ ಮಾತಂತೆ. ಅಪ್ಪ ಎದ್ದು ನಿಂತ, ಅವ್ವ ತಲೆಗೂದಲು ಬಿಚ್ಚಿಕೊಂಡು ಅಂಗಳಕ್ಕೆ ಓಡಿ ಓಣಿಗೆ ಕೇಳುವ ಹಾಗೆ ಚಿಗವ್ವನ ತವರನ್ನು ಬೈದಳು. ಚಿಗವ್ವ ಎದೆ ಬಡಿದುಕೊಂಡಳು. ಮಂದಿ ಕೂಡಿತು. ಬಿಡಿಸಲು ಬಂದ ಹಿರಿಯರಿಗೆ ಕಾಕಾ ಒಂದೇ ಮಾತು ಹೇಳಿದ.

"ಇನ್ನ ಈ ಮನ್ಯಾಗ ನಾ ಒಂದ ಒಲಿಮ್ಯಾಲಿಂದು ಉಣ್ಣಂಗಿಲ್ರಿ. ನಡುವ ಗ್ವಾಡಿ ಹಾಕ್ರಿ."

ನಾನು ಅತ್ತೆ. ಎಷ್ಟು ಅತ್ತೆನೆಂದರೆ ಜ್ವರ ಬಂತು. ಅವ್ವ ನನ್ನನ್ನು ಸೋದರಮಾವನ ಜೊತೆ ಮುದ್ದೇಬಿಹಾಳಕ್ಕೆ ಕಳಿಸಿದಳು, ಅಲ್ಲಿದ್ದರೆ ಮನಸ್ಸು ಹಗುರಾಗುತ್ತದೆ ಎಂದು. ಅಲ್ಲಿ ಅತ್ತೆ ಬಿಸಿ ಜೋಳದ ಗಂಜಿ ಕುಡಿಸುತ್ತಿದ್ದಳು, ನಾನು ಗೊತ್ತಿದ್ದ ದೇವರನ್ನೆಲ್ಲ ಬೇಡಿಕೊಂಡೆ. ವಾಪಸು ಬರುವ ಹೊತ್ತಿಗೆ ಪಡಸಾಲೆಯ ನಡುವೆ ಮಣ್ಣಿನ ಗೋಡೆ ಎದ್ದಿತ್ತು. ಅದು ಪಡಸಾಲೆಯನ್ನು, ಅಡುಗೆಮನೆಯನ್ನು, ಹಿತ್ತಲ ಬಚ್ಚಲನ್ನು ಕೂಡ ಎರಡು ಮಾಡಿತ್ತು. ಕಾಕಾನ ಕಡೆಗೆ ಬೇರೆ ಬಾಗಿಲು, ಬೇರೆ ಒಲೆ. ಆಯಿ ಅವರ ಕಡೆಗೆ ಹೋಗಿದ್ದಳು. ಪೈಪಿನ ಕೋಣೆ ನಮ್ಮ ಪಾಲಿಗೆ ಬಂದಿತ್ತು, ಆದರೆ ಗೋಡೆಯ ಮೇಲಿನ ಅರ್ಧ ಮೊಳೆಗಳು ಬರಿದಾಗಿದ್ದವು. ಅಪ್ಪ ಒಬ್ಬನೇ ಕೆಲಸಕ್ಕೆ ಹೋಗತೊಡಗಿದ. ಕಾಕಾ ಬೇರೆ ಊರಿನ ಕೆಲಸ ಹಿಡಿದ. ದಾರಿಯಲ್ಲಿ ಎದುರಾದರೆ ಇಬ್ಬರೂ ಮುಖ ತಿರುಗಿಸುತ್ತಿದ್ದರು. ನನಗೆ ಅವ್ವ ಕೂಡಿಸಿಕೊಂಡು ಹೇಳಿದಳು: ಕಸ್ತೂರಿಯ ಜೋಡಿ ಮಾತಾಡಿದರೆ, ನನ್ನ ಹೆಣ ನೋಡುತ್ತೀ.

ತಾಯಿಯ ಹೆಣದ ಮಾತು ಕೇಳಿದ ಮಗು ಏನು ಮಾಡುತ್ತದೆ? ನಾನು ಮಾತು ಬಿಟ್ಟೆ. ಸಾಲಿಯಲ್ಲಿ ಕಸ್ತೂರಿ ಮತ್ತು ನಾನು ಒಂದೇ ಕೋಣೆಯಲ್ಲಿ ಕೂಡುತ್ತಿದ್ದೆವು, ಏಕೆಂದರೆ ಎರಡು ತರಗತಿಗೆ ಒಂದೇ ಕೋಣೆ. ಅವಳು ನನ್ನ ಕಡೆ ನೋಡುತ್ತಲೇ ಇರಲಿಲ್ಲ. ನನಗೆ ಅದು ಮೊದಲು ನೋವಾಗಿ, ಆಮೇಲೆ ಸಿಟ್ಟಾಯಿತು. ಎಳ್ಳಮವಾಸಿಗೆ ಎಲ್ಲರೂ ಹೊಲಕ್ಕೆ ಬುತ್ತಿ ಕಟ್ಟಿಕೊಂಡು ಹೋದಾಗ ನಮ್ಮ ಹೊಲದಲ್ಲಿ ಒಡ್ಡಿನ ಈಚೆ ನಾವು ಕೂತೆವು, ಆಚೆ ಅವರು. ಅವ್ವ ಸಜ್ಜೆ ರೊಟ್ಟಿ, ಶೇಂಗಾದ ಹೋಳಿಗೆ ಮಾಡಿದ್ದಳು. ಪ್ರತಿ ವರ್ಷ ಕಸ್ತೂರಿ ಹೋಳಿಗೆಯ ಅಂಚು ಮುರಿದು ನನಗೆ ಕೊಟ್ಟು ನಡುವಿನ ಹೂರಣ ತಾನು ತಿನ್ನುತ್ತಿದ್ದಳು. ಆ ವರ್ಷ ನಾನೇ ಇಡೀ ಹೋಳಿಗೆ ತಿಂದೆ. ಅವಳಿಗೆ ಕಾಣಲಿ ಎಂದು ಅವಳ ಕಡೆ ತಿರುಗಿಯೇ ತಿಂದೆ.

ನಳ ಇದ್ದದ್ದು ನಮ್ಮ ಕಡೆಯ ಬಚ್ಚಲಲ್ಲಿ. ಊರ ಟಾಕಿಯಿಂದ ಬರುವ ಕಬ್ಬಿಣದ ಪೈಪು ಓಣಿಗುಂಟ ಬಂದು ನಮ್ಮ ಬಾಗಿಲಲ್ಲೇ ಒಳಗೆ ತಿರುಗುತ್ತಿತ್ತು. ಗೋಡೆ ಎದ್ದ ಮೇಲೆ ಒಂದು ಹನಿ ನೀರೂ ಆ ಕಡೆ ಕೊಡುವುದಿಲ್ಲ ಎಂದು ಅಪ್ಪ ನಾಲ್ಕು ಮಂದಿಯ ಮುಂದೆ ಹೇಳಿದ್ದ. ಊರ ಬಾವಿಯ ನೀರು ಸವಳು, ಹಾಗಾಗಿ ಚಿಗವ್ವ ಮತ್ತು ಕಸ್ತೂರಿ ಕೊಡ ಹೊತ್ತು ಹೊಳೆಗೆ ಹೋಗತೊಡಗಿದರು. ನಮ್ಮ ಬಾಗಿಲ ಮುಂದಿನಿಂದಲೇ ಅವರ ದಾರಿ. ಬಿಸಿಲಿಗೆ ಕಸ್ತೂರಿಯ ಕುತ್ತಿಗೆ ಕರ್ರಗಾಗಿತ್ತು, ಸಿಂಬಿಯ ಮೇಲೆ ಕೊಡ ತುಳುಕಿ ಅವಳ ಜಂಪರು ಒದ್ದೆಯಾಗಿರುತ್ತಿತ್ತು. ಎಷ್ಟು ಸಿಟ್ಟಿದ್ದರೂ ಅದನ್ನು ನೋಡಲು ನನ್ನಿಂದ ಆಗಲಿಲ್ಲ. ಒಂದು ಮಧ್ಯಾಹ್ನ ಅವ್ವ ತಮ್ಮನನ್ನು ಮಲಗಿಸುತ್ತಿದ್ದಾಗ ನಾನು ನಳದಿಂದ ಒಂದು ತಂಬಿಗೆ, ಇನ್ನೊಂದು ತಂಬಿಗೆ ಎಂದು ಸಣ್ಣ ಕೊಡ ತುಂಬಿಸಿದೆ. ಹಿತ್ತಲ ಗೋಡೆ ಗಿಡ್ಡ. ಒಗೆಯುವ ಕಲ್ಲಿನ ಮೇಲೆ ಹತ್ತಿ, ಕೊಡವನ್ನು ಗೋಡೆಯ ಮೇಲೆ ಇಟ್ಟು, ಮೆಲ್ಲಗೆ ಕರೆದೆ. ಕಸ್ತೂರಿ ಆ ಕಡೆ ಪಾತ್ರೆ ತೊಳೆಯುತ್ತಿದ್ದಳು. ತಲೆ ಎತ್ತಿದಳು. ಎದ್ದು ಬಂದು ಕೊಡವನ್ನು ನೋಡಿದಳು, ನನ್ನನ್ನು ನೋಡಿದಳು. ಆಮೇಲೆ ಎರಡೂ ಕೈಯಿಂದ ಕೊಡವನ್ನು ನನ್ನ ಕಡೆಗೇ ನೂಕಿಬಿಟ್ಟಳು. ನೀರೆಲ್ಲ ನನ್ನ ಮೇಲೆ ಚೆಲ್ಲಿತು, ಕೊಡ ಕಲ್ಲಿಗೆ ಬಡಿದು ನೆಗ್ಗಿತು. ಸಪ್ಪಳಕ್ಕೆ ಅವ್ವ ಬಂದಳು. ನೆಗ್ಗಿದ ಕೊಡ, ಒದ್ದೆ ಲಂಗ, ಗೋಡೆ, ಎಲ್ಲ ನೋಡಿ ಅವಳಿಗೆ ತಿಳಿಯಿತು. ಒಲೆಯ ಮುಂದಿನ ಕಟ್ಟಿಗೆಯಿಂದ ಕಾಲಿಗೆ ಹೊಡೆದಳು. ನನ್ನ ಅವ್ವ ಅದಕ್ಕೆ ಮೊದಲು ನನಗೆ ಕೈಯಿಂದ ಬಿಟ್ಟರೆ ಬೇರೆ ಯಾವುದರಿಂದಲೂ ಹೊಡೆದವಳಲ್ಲ. ನಾನು ಅಳುತ್ತಿರುವುದು ಗೋಡೆಯಾಚೆ ಆಯಿಗೂ ಕೇಳಿಸಿರಬೇಕು. ಯಾರೂ ಬಿಡಿಸಲು ಬರಲಿಲ್ಲ.

ಆ ಪೆಟ್ಟಿನ ಮೇಲೆ ನನ್ನೊಳಗೆ ಏನೋ ಬಿಗಿದುಕೊಂಡಿತು. ಕಾಕಾನ ಮನೆಯವರು ಕೆಟ್ಟವರು ಎಂದು ಅವ್ವ ಹೇಳಿದ್ದನ್ನು ಅಲ್ಲಿಯವರೆಗೆ ಕೇಳಿದ್ದೆ, ಆಮೇಲೆ ನಂಬಿದೆ. ಬಾವಿಕಟ್ಟೆಯಲ್ಲಿ ಮಂದಿ ಕೇಳಿದರೆ ನಾನೇ ಮುಂದಾಗಿ ಹೇಳುತ್ತಿದ್ದೆ, ಅವರು ಹೊಲ ನುಂಗುವವರು, ಆಯಿಯನ್ನು ಎಳೆದುಕೊಂಡು ಹೋದವರು, ಕೊಟ್ಟ ನೀರನ್ನು ಚೆಲ್ಲಿದವರು. ಮನೆಯಲ್ಲಿ ಯಾರೂ ನನ್ನನ್ನು ತಡೆಯಲಿಲ್ಲ. ಮೊದಲೆಲ್ಲ ನಾನು ಹೊರಗೆ ಮಾತಾಡಿ ಬಂದರೆ ಕಿವಿ ಹಿಂಡುತ್ತಿದ್ದ ಅಪ್ಪ ಈಗ ಸುಮ್ಮನಿರುತ್ತಿದ್ದ. ಅದು ನನಗೆ ಆಗ ವಿಚಿತ್ರ ಅನಿಸಲಿಲ್ಲ. ದೊಡ್ಡವರ ಪಾಲಿಗೆ ನಾನೂ ದೊಡ್ಡವಳಾದೆ ಎಂದುಕೊಂಡೆ.

ಅಳತೆಯವರು ಬಂದದ್ದು ಬೇಸಿಗೆಯಲ್ಲಿ. ಮನೆಮನೆಗೆ ಹೋಗಿ ಒಲೆ ನೋಡುತ್ತಿದ್ದರು, ಬಾಗಿಲು ನೋಡುತ್ತಿದ್ದರು, ಓಣಿಯಲ್ಲಿ ವಿಚಾರಿಸುತ್ತಿದ್ದರು. ಆ ವರ್ಷ ಊರಲ್ಲಿ ಎಷ್ಟೋ ಮನೆಗಳು ಇಬ್ಭಾಗವಾಗಿದ್ದವು, ಹಾಗಾಗಿ ಅವರಿಗೆ ಎಲ್ಲರ ಮೇಲೂ ಸಂಶಯ. ನಮ್ಮ ಮನೆಗೆ ಬಂದ ಹಿರಿಯ ಮನುಷ್ಯ ಮೆತ್ತಗಿನವನು. ಗೋಡೆಯನ್ನು ಕೈಯಿಂದ ತಟ್ಟಿ ನೋಡಿದ. ಮಣ್ಣು ಇನ್ನೂ ಹೊಸದು. ಅಪ್ಪ ಏನೇನೋ ಹೇಳಿದ. ಅವನು ಕೇಳಿಸಿಕೊಂಡು, ಆಮೇಲೆ ಬಾಗಿಲ ಬಳಿ ನಿಂತಿದ್ದ ನನ್ನ ಮುಂದೆ ಕುಕ್ಕರುಗಾಲಿನಲ್ಲಿ ಕೂತ.

"ನೀ ಹೇಳವಾ. ಆಚಿ ಮನ್ಯಾಗ ಯಾರ ಅದಾರ?"

ಅಪ್ಪನ ಕೈ ನನ್ನ ತಲೆಯ ಮೇಲಿತ್ತು. ಅದು ಭಾರವಾಗಿತ್ತು ಎಂಬುದು ಈಗಲೂ ನೆನಪಿದೆ. ನಾನು ಆ ಮನುಷ್ಯನ ಮುಖ ನೋಡಿ, ಉಸಿರು ಕಟ್ಟಿಕೊಂಡು ಹೇಳಿದೆ.

"ಅವ್ರು ನಮ್ಮವ್ರಲ್ರಿ. ಅವ್ರ ಹೆಸರ ತಗೊಂಡ್ರ ನಮ್ಮವ್ವ ಹೊಡಿತಾಳ್ರಿ."

ಅಷ್ಟು ಹೇಳುವುದರೊಳಗೆ ಅಳು ಬಂತು. ಕಾಲು ತೋರಿಸಿದೆ, ಕಟ್ಟಿಗೆಯ ಗುರುತು ಇನ್ನೂ ಹಳದಿಯಾಗಿ ಉಳಿದಿತ್ತು. ಕಸ್ತೂರಿ ನೀರು ಚೆಲ್ಲಿದ್ದನ್ನು ಹೇಳಿದೆ, ಕಾಕಾ ಗಂಗಾಳ ಒದ್ದದ್ದನ್ನು ಹೇಳಿದೆ. ಯಾರೂ ಕೇಳದೆ ಇದ್ದದ್ದನ್ನೂ ಹೇಳಿದೆ. ಆ ಮನುಷ್ಯ ನನ್ನ ಕೆನ್ನೆ ಒರೆಸಿ, ಸಾಕು ಅಳಬೇಡ ಎಂದು ಎದ್ದ. ಆಮೇಲೆ ಅವನು ಬೇರೆ ಏನನ್ನೂ ನೋಡಲಿಲ್ಲ. ಆ ಸಂಜೆ ಅವ್ವ ಸಜ್ಜಕ ಮಾಡಿ, ನನ್ನ ಗಂಗಾಳಕ್ಕೆ ತುಪ್ಪ ಸುರಿದಳು. ಹಬ್ಬವಿಲ್ಲ, ಹುಣ್ಣಿಮೆಯಿಲ್ಲ, ಯಾಕೆ ಎಂದು ಕೇಳಿದೆ. ಅವಳು ನನ್ನ ಕಾಲಿನ ಗುರುತಿಗೆ ಕೊಬ್ಬರಿ ಎಣ್ಣೆ ಹಚ್ಚಿದಳು.

ಮುಂದಿನ ಸುಗ್ಗಿ ಮುಗಿದ ಮೇಲೆ ಊರು ಬಿಚ್ಚುವ ಕೆಲಸ ಶುರುವಾಯಿತು. ಬಿಚ್ಚುವುದು ಎಂದೇ ಹೇಳಬೇಕು. ಬಾಗಿಲು, ತೊಲೆ, ಕಂಬ, ಹಾಸುಗಲ್ಲು, ಎಲ್ಲವನ್ನೂ ಜನ ಕಿತ್ತು ಟ್ರ್ಯಾಕ್ಟರಿಗೆ ಹೇರುತ್ತಿದ್ದರು. ಹೊಸ ಊರಲ್ಲಿ ನಮಗೊಂದು ಜಾಗ, ಕಾಕಾನಿಗೊಂದು ಜಾಗ ಬಂದಿತ್ತು, ಒಂದರ ಪಕ್ಕದಲ್ಲಿ ಒಂದು. ಆ ಶತ್ರುಗಳ ಪಕ್ಕದಲ್ಲೇ ಮತ್ತೆ ಇರಬೇಕಲ್ಲ ಎಂದು ನನಗೆ ಸಂಕಟ. ಅವತ್ತು ಬೆಳಿಗ್ಗೆ ಅಪ್ಪ ಬಚ್ಚಲಿನ ನಳ ಬಿಚ್ಚಿದ. ಒಗೆಯುವ ಕಲ್ಲನ್ನು ಹಾರೆಯಿಂದ ಸರಿಸಿ, ಕೆಳಗಿನ ಮಣ್ಣು ಅಗೆಯತೊಡಗಿದ. ಪೈಪು ನಳಕ್ಕೇ ಮುಗಿಯುತ್ತದೆ ಎಂದು ನಾನು ತಿಳಿದಿದ್ದೆ. ಮುಗಿದಿರಲಿಲ್ಲ. ನೆಲದೊಳಗಿನಿಂದ ಒಂದು ಕವಲು ಗೋಡೆಯ ಬುಡಕ್ಕೆ ಹೋಗಿತ್ತು. ಗೋಡೆಯ ಕೆಳಗೆ, ಸರಿಯಾಗಿ ನಡುವೆ, ಮಣ್ಣು ಮೆತ್ತಿಕೊಂಡ ಹಿತ್ತಾಳೆಯ ಕಪ್ಲಿಂಗ್. ಈಚೆ ಬಾಯಿಯಲ್ಲಿ ನಮ್ಮ ಕಬ್ಬಿಣದ ಪೈಪು. ಆಚೆ ಬಾಯಿಯಲ್ಲಿ ಕರಿ ಪ್ಲಾಸ್ಟಿಕ್ ಪೈಪು, ಅದು ಕಾಕಾನ ಬಚ್ಚಲ ಕಡೆ ಹೋಗಿತ್ತು. ಅಪ್ಪ ನೆಟ್ಟಗೆ ನಿಂತು, ಬೆನ್ನು ತಿಕ್ಕಿಕೊಂಡು, ಗೋಡೆಯ ಮೇಲಿನಿಂದ ಕೂಗಿದ.

"ಏ ಮಲ್ಲೂ, ಪಾನಾ ತಗೊಂಡ ಬಾ. ಇದು ಒಬ್ಬನ ಕೈಲೆ ಬಿಚ್ಚಂಗಿಲ್ಲ."

ಕಾಕಾ ಬಂದ. ಒಂದು ವರ್ಷಕ್ಕೂ ಮೇಲ್ಪಟ್ಟು ನಮ್ಮ ಹೊಸಿಲು ದಾಟದವನು, ಗೋಡೆ ಹಾರಿ ಬಂದ. ಇಬ್ಬರೂ ಎದುರುಬದುರು ಕುಕ್ಕರುಗಾಲಿನಲ್ಲಿ ಕೂತರು. ಅಪ್ಪ ಕಬ್ಬಿಣದ ಪೈಪನ್ನು ಪಾನಾದಿಂದ ಹಿಡಿದ, ಕಾಕಾ ಆಚೆಯ ನಟ್ಟನ್ನು ತಿರುಗಿಸಿದ. ಅದು ಬಿಗಿಯಾಗಿತ್ತು. ಕಾಕಾ ನಕ್ಕು, ಎಷ್ಟು ಬಿಗಿದೀಪ ಎಂದ. ಅಪ್ಪನೂ ನಕ್ಕ. ನಟ್ಟು ಸಡಿಲವಾದಾಗ ಒಳಗೆ ನಿಂತಿದ್ದ ನೀರು ಬುಳಕ್ಕನೆ ಇಬ್ಬರ ಕಾಲಿನ ಮೇಲೆ ಹರಿಯಿತು. ಚಿಗವ್ವ ಚಹಾದ ಕೆಟಲಿ ಹಿಡಿದು ಬಂದಳು. ಅವ್ವ ಅವಳ ಕೈಯಿಂದ ಕೆಟಲಿ ತೆಗೆದುಕೊಂಡು, ಏನೂ ಆಗಿಲ್ಲ ಎಂಬಂತೆ ಬಸಿಗಳಿಗೆ ಬಗ್ಗಿಸತೊಡಗಿದಳು. ನಾನು ಗೋಡೆಗೆ ಆತು ನಿಂತಿದ್ದೆ. ನನ್ನ ಕಡೆ ಯಾರೂ ನೋಡಲಿಲ್ಲ. ನಾನೇ ಕೇಳಬೇಕಾಯಿತು, ಈ ನೀರು ಮೊದಲಿನಿಂದಲೂ ಹೋಗುತ್ತಿತ್ತಾ ಎಂದು. ಅವ್ವ ಬಸಿಯಿಂದ ಕಣ್ಣು ಎತ್ತಲಿಲ್ಲ.

"ಮತ್ತೇನ, ಮುದುಕಿಗಿ ಹೊಳಿ ನೀರ ಕುಡಿಸಬೇಕಿತ್ತೇನ? ಸಾಕ ಬಿಡವಾ ಇನ್ನ, ಎಲ್ಲಾ ಮುಗೀತು. ಕಾಕಾಗ ಚಾ ಕೊಡು."

ಆಗ ಒಂದೊಂದಾಗಿ ತಿಳಿಯಿತು. ನಾನು ಮುದ್ದೇಬಿಹಾಳದಲ್ಲಿ ದೇವರನ್ನು ಬೇಡಿಕೊಳ್ಳುತ್ತಿದ್ದಾಗ ಇಲ್ಲಿ ಅಣ್ಣತಮ್ಮರಿಬ್ಬರೂ ಸೇರಿ ಗೋಡೆಯ ಪಾಯ ತೋಡುವಾಗಲೇ ಆ ಕಪ್ಲಿಂಗ್ ಕೂಡಿಸಿದ್ದರು. ಆ ಕಡೆ ಬಚ್ಚಲಲ್ಲಿ ನೀರು ತುಂಬುವ ಮಣ್ಣಿನ ಹರವಿಯೊಂದನ್ನು ಕುತ್ತಿಗೆಯವರೆಗೆ ಹೂಳಿ, ಅದರೊಳಗೆ ಪೈಪು ಬಿಟ್ಟಿದ್ದರು. ಅವ್ವ ದಿನಾ ನಮ್ಮ ನಳವನ್ನು ಅರ್ಧಕ್ಕೇ ನಿಲ್ಲಿಸಿ, ಸಾಕು ಎನ್ನುತ್ತಿದ್ದದ್ದು ಆ ಕಡೆ ನೀರು ಏರಲಿ ಎಂದು. ಹೊಳೆಗೆ ಹೋಗುತ್ತಿದ್ದದ್ದು ಊರಿಗೆ ಕಾಣಲಿ ಎಂದು. ಹೊಲದ ಜಗಳ, ಒದ್ದ ಗಂಗಾಳ, ಬಿಚ್ಚಿದ ತಲೆಗೂದಲು, ಎಲ್ಲವೂ ಎರಡು ಜಾಗಕ್ಕಾಗಿ. ಕಾಕಾ ಚಹಾ ಕುಡಿದು ಬಂದು ನನ್ನ ಗದ್ದ ಹಿಡಿದು, ನಮ್ಮ ಡಂಗುರದ ಬಾಯಿಯಿಂದಲೇ ಜಾಗ ಬಂತು, ಇಲ್ಲದಿದ್ದರೆ ಆ ಸಾಹೇಬ ನಂಬುತ್ತಿರಲಿಲ್ಲ ಎಂದ. ಅದನ್ನು ಅವನು ಹೊಗಳಿಕೆಯಾಗಿಯೇ ಹೇಳಿದ. ಎಲ್ಲರೂ ನಕ್ಕರು. ಗೋಡೆಯ ಆಚೆ ಕಸ್ತೂರಿ ನಿಂತಿದ್ದಳು. ನಾನು ಅವಳನ್ನೇ ನೋಡಿದೆ.

"ನಿನಗ ಗೊತ್ತಿತ್ತೇನ?"

ಎಷ್ಟೋ ದಿನಗಳ ಮೇಲೆ ನಾನು ಅವಳಿಗೆ ಆಡಿದ ಮೊದಲ ಮಾತು. ಅವಳು ನೆಲ ನೋಡುತ್ತ ಹೌದೆಂದು ತಲೆ ಅಲ್ಲಾಡಿಸಿದಳು.

ಹೊಸ ಊರಲ್ಲಿ ಎರಡೂ ಜಾಗದ ನಡುವೆ ಗೋಡೆ ಹಾಕಲಿಲ್ಲ. ಅಂಗಳ ಒಂದೇ ಆಯಿತು, ಹಬ್ಬಕ್ಕೆ ಒಲೆಯೂ ಒಂದೇ. ಊರ ಹಿರಿಯರು ನಡುವೆ ಬಿದ್ದು ಒಂದು ಮಾಡಿಸಿದರು ಎಂದು ಕೇಳಿದವರಿಗೆ ಹೇಳಿದರು. ಅವ್ವ, ಚಿಗವ್ವ ಮತ್ತೆ ಮುಖ ನೋಡದೆ ಮಾತಾಡಿಕೊಳ್ಳುತ್ತ ರೊಟ್ಟಿ ಮಾಡತೊಡಗಿದರು. ಎಲ್ಲರೂ ಬಿಟ್ಟಲ್ಲಿಂದ ಹಿಡಿದುಕೊಂಡರು. ಅವರಿಗೆ ಬಿಟ್ಟದ್ದೇ ಇರಲಿಲ್ಲ, ಹಾಗಾಗಿ ಹಿಡಿದುಕೊಳ್ಳುವುದು ಕಷ್ಟವಾಗಲಿಲ್ಲ. ನನ್ನಿಂದ ಮಾತ್ರ ಆಗಲಿಲ್ಲ. ಗಂಗಾಳ ಹಿಡಿದು ಒಬ್ಬಳೇ ಮೆಟ್ಟಿಲ ಮೇಲೆ ಕೂಡುತ್ತಿದ್ದೆ. ಮೊದಮೊದಲು ನಕ್ಕರು, ಆಮೇಲೆ ಬೈದರು, ಆಮೇಲೆ ಇವಳ ಸ್ವಭಾವವೇ ಹೀಗೆ ಎಂದು ಬಿಟ್ಟರು. ಮೊದಲು ನನ್ನ ಸ್ವಭಾವ ಹೇಗಿತ್ತು ಎಂಬುದು ಯಾರಿಗೂ ನೆನಪಿರಲಿಲ್ಲ. ಬಾವಿಕಟ್ಟೆಯಲ್ಲಿ ಊರ ಸುದ್ದಿ ಹೇಳುತ್ತಿದ್ದ ಹುಡುಗಿ ಹೊಸ ಊರಿಗೆ ಬರಲೇ ಇಲ್ಲ. ಮನೆಯಲ್ಲಿ ಯಾರಾದರೂ ಅತ್ತರೆ, ಸಿಟ್ಟಾದರೆ, ನಾನು ಮೊದಲು ಅವರ ಕಣ್ಣು ನೋಡುತ್ತಿದ್ದೆ, ಇದು ನಿಜವೋ ಅಲ್ಲವೋ ಎಂದು. ಆಯಿ ಸಾಯುವ ಮುಂಚೆ ನನ್ನ ಕೈ ಹಿಡಿದು ಅತ್ತಾಗಲೂ ಹಾಗೆಯೇ ನೋಡಿದೆ. ಒಂದು ಮಗುವಿಗೆ ಬರಬಾರದ ಚಟ ಅದು. ನನಗೆ ಬಂತು, ಹೋಗಿಲ್ಲ.

ಕಸ್ತೂರಿಯನ್ನು ಕನ್ನೊಳ್ಳಿಗೆ ಕೊಟ್ಟರು. ಮದುವೆಯಲ್ಲಿ ನಾನು ಎಲ್ಲ ಕೆಲಸ ಮಾಡಿದೆ, ಅವಳ ಪಕ್ಕದಲ್ಲಿ ಮಾತ್ರ ಕೂಡಲಿಲ್ಲ. ನನ್ನನ್ನು ಬಸವನ ಬಾಗೇವಾಡಿಗೆ ಕೊಟ್ಟರು. ಗಂಡನದು ಪಂಪು, ಪೈಪಿನ ಸಾಮಾನಿನ ಅಂಗಡಿ. ಪೈಪಿನ ಕೋಣೆಯಲ್ಲಿ ಬೆಳೆದವಳು ಎಂದೇ ಮಾವನವರು ಒಪ್ಪಿದ್ದರು. ಈಗ ಅಂಗಡಿಯಲ್ಲಿ ಹೆಚ್ಚಾಗಿ ನಾನೇ ಕೂಡುತ್ತೇನೆ. ಒಮ್ಮೆ ಕಸ್ತೂರಿ ಮಗಳ ಮನೆಗೆ ಹೋಗುವ ದಾರಿಯಲ್ಲಿ ಅಂಗಡಿಗೆ ಬಂದಳು. ನಮ್ಮಿಬ್ಬರ ಕೂದಲೂ ಬೆಳ್ಳಗಾಗತೊಡಗಿತ್ತು. ಕೂತು ನೀರು ಕುಡಿದು, ನಾನು ಕೇಳದೆಯೇ ಆ ಮಧ್ಯಾಹ್ನದ ಮಾತು ತೆಗೆದಳು. ಬಚ್ಚಲಲ್ಲಿ ಹೂಳಿದ ಹರವಿಯನ್ನು ಆ ಕಡೆ ಇರುವವಳಿಗೆ ಮುಚ್ಚಿಡಲು ಆಗುತ್ತಿರಲಿಲ್ಲ, ಅದಕ್ಕೆ ಅವಳಿಗೆ ಹೇಳಿದರಂತೆ. ಹೇಳುವ ಮೊದಲು ಆಯಿಯ ತಲೆಯ ಮೇಲೆ ಕೈ ಇಡಿಸಿ ಆಣೆ ಮಾಡಿಸಿದರಂತೆ, ಮುಖ್ಯವಾಗಿ ಲೀಲಾಗೆ ಹೇಳಬಾರದೆಂದು. ನಾನು ಗೋಡೆಯ ಮೇಲೆ ಕೊಡ ಇಟ್ಟಾಗ ಚಿಗವ್ವ ಒಳಗಿನಿಂದ ನೋಡುತ್ತಿದ್ದಳಂತೆ.

"ನಿನಗ ಸಿಟ್ಟರ ಖರೇ ಇತ್ತು ಲೀಲಾ. ನನಗ ಅದೂ ಇರ್ಲಿಲ್ಲ. ದಿನಾ ನಿನ್ನ ಮುಂದ ಮುಖಾ ತಿರುವಿ ಹೋಗಿ, ಅಲ್ಲಿ ಹೊಳ್ಯಾಗ ಕುಂತ ಅಳತಿದ್ನಿ."

ಅವಳ ಕಣ್ಣು ನೋಡಿದೆ. ನಿಜವೇ ಇತ್ತು. ಅವಳೂ ಒಂದು ಹುಡುಗಿಯೇ, ಅವಳಿಗೂ ಆಯಿಯ ಸಾವಿನ ಆಣೆ ಹಾಕಿದ್ದರು ಎಂದು ಅರ್ಥವಾಯಿತು. ಆದರೆ ಅರ್ಥವಾದ ಮಾತ್ರಕ್ಕೆ ಎಲ್ಲ ಸರಿಹೋಗುವುದಿಲ್ಲ. ಅಷ್ಟು ವರ್ಷ ಅವಳು ಅದನ್ನು ಹೇಳದೆ ಇದ್ದದ್ದು, ನಾನು ಕೇಳದೆ ಇದ್ದದ್ದು, ನಡುವೆ ಹಾಗೇ ಇತ್ತು. ಬಸ್ಸಿನವರೆಗೆ ಹೋಗಿ ಹತ್ತಿಸಿ ಬಂದೆ. ಈಗ ತಿಂಗಳಿಗೊಮ್ಮೆ ಫೋನು ಮಾಡುತ್ತಾಳೆ. ಮೊಮ್ಮಕ್ಕಳ ಮಾತಾಡುತ್ತೇವೆ.

ಅವ್ವನನ್ನು ಕೇಳಬೇಕೆಂದುಕೊಂಡಿದ್ದೆ, ಅಷ್ಟರಲ್ಲಿ ಅವಳು ಹೋದಳು. ಉಳಿದವನು ಅಪ್ಪ. ಕಣ್ಣಿನ ಆಪರೇಷನ್ ಆದ ಮೇಲೆ ಅವನನ್ನು ಕೆಲ ದಿನ ನನ್ನ ಮನೆಯಲ್ಲಿ ಇಟ್ಟುಕೊಂಡೆ. ಹಗಲೆಲ್ಲ ಕಪ್ಪು ಕನ್ನಡಕ ಹಾಕಿಕೊಂಡು ಅಂಗಡಿಯಲ್ಲಿ ಕೂಡುತ್ತಿದ್ದ. ಹೊಸ ನಮೂನೆಯ ಕಪ್ಲಿಂಗುಗಳನ್ನು ಕೈಯಲ್ಲಿ ಹಿಡಿದು ತಡವುತ್ತಿದ್ದ. ಈಗ ಒಂದೇ ರಬ್ಬರಿನ ತೋಳಿಗೆ ಎರಡು ಸ್ಟೀಲಿನ ಪಟ್ಟಿ ಬಿಗಿದರೆ ಸಿಮೆಂಟು, ಕಬ್ಬಿಣ, ಪ್ಲಾಸ್ಟಿಕ್ಕು ಯಾವುದಕ್ಕೆ ಯಾವುದನ್ನಾದರೂ ಕೂಡಿಸಬಹುದು, ಸೆಣಬು ಬೇಡ, ಸಫೇದಾ ಬೇಡ. ಅವನಿಗೆ ಅದು ಬಹಳ ಸೋಜಿಗ. ಗಿರಾಕಿಯಿಲ್ಲದ ಒಂದು ಮುಂಜಾನೆ, ಅವನ ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು ಕೂತು ಕೇಳಿದೆ.

"ಅಪ್ಪಾ, ಕಸ್ತೂರಿಗಿ ಹೇಳಿದ್ರಿ. ನನಗ ಯಾಕ ಹೇಳಲಿಲ್ಲ? ಬಾಯಿ ಸಡಿಲಂತನಾ?"

ಅವನು ಯಾವುದರ ಮಾತು ಎಂದು ಕೇಳಲಿಲ್ಲ. ಕೈಯಲ್ಲಿದ್ದ ಕಪ್ಲಿಂಗನ್ನು ಮೆಲ್ಲಗೆ ಮೇಜಿನ ಮೇಲೆ ಇಟ್ಟ.

"ಬಾಯಿ ಅಲ್ಲ. ನಿನಗ ಹೇಳಿದ್ರ ನೀ ಅಳತಿದ್ದಿಲ್ಲ. ಅಳೂದು ಬೇಕಾಗಿತ್ತ."

ಯಾವ ಪೈಪಿಗೆ ಯಾವ ಉಂಗುರ ಎಂದು ಗಿರಾಕಿಗೆ ಹೇಳುವ ದನಿಯಲ್ಲೇ ಹೇಳಿದ. ಅದರಲ್ಲಿ ನಾಚಿಕೆಯಿರಲಿಲ್ಲ, ಕೆಟ್ಟತನವೂ ಇರಲಿಲ್ಲ. ಆ ಜಾಗದಿಂದಲೇ ಇವತ್ತು ನಿನ್ನ ತಮ್ಮ ತಲೆಯೆತ್ತಿ ನಿಂತಿದ್ದಾನೆ ಎಂದು ಸೇರಿಸಿದ. ನಾನು ಹ್ಞೂಂ ಎಂದೆ. ಕನ್ನಡಕದ ಹಿಂದೆ ಅವನ ಕಣ್ಣು ಕಾಣುತ್ತಿರಲಿಲ್ಲ.

ಮಧ್ಯಾಹ್ನ ಬಿಸಿ ರೊಟ್ಟಿ ಮಾಡಿ, ಮೇಲೆ ಬೆಣ್ಣೆ ಇಟ್ಟು, ಅವನ ಮುಂದೆ ಗಂಗಾಳ ಇಟ್ಟೆ. ನೀನೂ ಬಾ, ಜೋಡಿಯಲ್ಲೇ ಉಣ್ಣೋಣ ಎಂದ. ನನಗೆ ಹಸಿವಿಲ್ಲ ಎಂದೆ. ಅಪ್ಪ ಅದನ್ನು ನಂಬಿ ರೊಟ್ಟಿ ಮುರಿದ.